ಹಳೆಯ ಅಭಿಮಾನಿ ಬಳಗಕ್ಕೆ ಮಂಗಳ ಹಾಡುವ ಮುನ್ನ

ಪ್ರಶ್ನೆ: ಉತ್ತರ ಕರ್ನಾಟಕದ ಜಾನಪದ ಆಟವಾದ ಶ್ರೀಕೃಷ್ಣ ಪಾರಿಜಾತದ ಅಭಿಮಾನಿಗಳೆಲ್ಲ ಸೇರಿ ಬಹಳ ವರ್ಷಗಳಿಂದ ನಡೆಸಿಕೊಂಡು ಬಂದ ವಾಟ್ಸಾಪ್ ಬಳಗ ನಮ್ಮದು. ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರೂ ಜಿಲ್ಲೆಯವರು ಇದ್ದಾರೆ. ಅಡ್ಮಿನ್‌ಗಳಿಗೆ ಈಗ ನೋಡಿಕೊಳ್ಳಲು ಆಗುತ್ತಿಲ್ಲ. ಯಾರ ಮನಸ್ಸೂ ನೋಯದಂತೆ, ಕೂಡಿಟ್ಟ ರೆಕಾರ್ಡಿಂಗ್ ಕಳೆಯದಂತೆ ಮುಚ್ಚುವುದು ಹೇಗೆ? ನಾವು ಗ್ರೂಪಿನಿಂದ ಹೊರಬಿದ್ದರೆ ಸಾಕೇ?

ಉತ್ತರ: ಸಾಲದು. ಹೊರಬೀಳುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಇದ್ದ ಅಡ್ಮಿನ್‌ಗಳೆಲ್ಲ ಹೊರಟುಬಿಟ್ಟರೆ ವಾಟ್ಸಾಪ್ ಉಳಿದವರಲ್ಲಿ ಯಾರನ್ನಾದರೂ ತಾನೇ ಅಡ್ಮಿನ್ ಮಾಡುತ್ತದೆ. ಸುದ್ದಿಯೇ ಗೊತ್ತಿಲ್ಲದ ಒಬ್ಬರ ಕೈಗೆ ಕೀಲಿ ಹೋಗುತ್ತದೆ. ಆಮೇಲೆ ಲಾಟರಿ, ಸಾಲ, ಕೆಲಸದ ಜಾಹೀರಾತು ಬಂದು ಬೀಳುತ್ತವೆ. ಪಾರಿಜಾತ ಕೇಳಲು ಬಂದವರು ಬೇಸತ್ತು ಒಬ್ಬೊಬ್ಬರೇ ಹೋಗುತ್ತಾರೆ. ಇಂಥ ಕೊನೆ ಬಳಗಕ್ಕೆ ಬರಬಾರದು. ಇದೇ ಪ್ರಶ್ನೆಯನ್ನು ಕಂಪನಿ ನಾಟಕ, ಗೀಗೀ ಪದ, ಕುಸ್ತಿ ಅಭಿಮಾನಿಗಳ ಗ್ರೂಪಿನವರೂ ಕೇಳುತ್ತಿರುತ್ತಾರೆ. ಅವರಿಗೂ ಉತ್ತರ ಹೆಚ್ಚುಕಡಿಮೆ ಇದೇ. ಮೊದಲು ಸಾಮಗ್ರಿ, ಆಮೇಲೆ ಹಣದ ಲೆಕ್ಕ, ಆಮೇಲೆ ತಿಳಿವಳಿಕೆ, ಕೊನೆಗೆ ಬೀಗ. ಈ ಕ್ರಮ ತಪ್ಪಿದರೆ ಮುಂದಿನದೆಲ್ಲ ತೊಡಕು.

ಸಾಮಗ್ರಿ ಮೊದಲು ಎಂದೆವಲ್ಲ, ಹೆಚ್ಚು ದುಡಿಮೆ ಇರುವುದೂ ಅಲ್ಲಿಯೇ. ಗ್ರೂಪಿನಲ್ಲಿ ಬಂದದ್ದೆಲ್ಲ ವಾಟ್ಸಾಪ್ ಕಂಪನಿಯ ಸರ್ವರಿನಲ್ಲಿ ಭದ್ರವಾಗಿರುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗೇನೂ ಇಲ್ಲ. ಫೋಟೋ, ಆಡಿಯೋ ಅಲ್ಲಿ ಸ್ವಲ್ಪ ಕಾಲ ಮಾತ್ರ ಇರುತ್ತವೆ. ಆ ನಂತರ ಇಳಿಸಿಕೊಂಡವರ ಮೊಬೈಲಿನಲ್ಲಿ ಉಳಿದಷ್ಟೇ ಗತಿ. ಮೂರು ವರ್ಷದ ಹಿಂದಿನ ಪದವನ್ನು, ಅಂದರೆ ಆಟದ ಹಾಡನ್ನು, ಈಗ ಒತ್ತಿದರೆ ಡೌನ್‌ಲೋಡ್ ಆಗದೆ, ಕಳಿಸಿದವರನ್ನೇ ಮತ್ತೆ ಕೇಳಿ ಎಂದು ತೋರಿಸುವುದು ಇದೇ ಕಾರಣಕ್ಕೆ. ಹೊಸದಾಗಿ ಸೇರಿದ ಅಡ್ಮಿನ್ ಎಷ್ಟೇ ಚುರುಕಾಗಿದ್ದರೂ ಹಳೆಯ ಸಂದೇಶ ಅವರಲ್ಲಿ ಇರುವುದಿಲ್ಲ. ಆದ್ದರಿಂದ ಬಳಗದಲ್ಲಿ ಮೊದಲಿನಿಂದ ಇದ್ದು, ಮೊಬೈಲ್ ಹೆಚ್ಚು ಬದಲಿಸದ, ಏನನ್ನೂ ಅಳಿಸದ ಮೂರ್ನಾಲ್ಕು ಮಂದಿಯನ್ನು ಹುಡುಕಿ. ಎಷ್ಟೋ ಬಳಗಗಳಲ್ಲಿ ಇಂಥ ಹಿರಿಯರೊಬ್ಬರ ಮೊಬೈಲೇ ನಿಜವಾದ ಭಂಡಾರ.

ಅವರ ಮೊಬೈಲಿನಲ್ಲಿ ಎರಡು ಕೆಲಸ. ಒಂದು, ಚಾಟ್ ಎಕ್ಸ್‌ಪೋರ್ಟ್. ಗ್ರೂಪ್ ತೆರೆದು ಮೇಲಿನ ಮೂರು ಚುಕ್ಕಿ, ಮೋರ್, ಎಕ್ಸ್‌ಪೋರ್ಟ್ ಚಾಟ್. ಮೀಡಿಯಾ ಸಮೇತ ತೆಗೆದರೆ ತೀರಾ ಈಚಿನ 10,000 ಸಂದೇಶ, ಬರೀ ಬರಹವಾದರೆ 40,000, ಅಷ್ಟೇ ಮಿತಿ. ದಿನಕ್ಕೆ ನೂರು ಸಂದೇಶ ಬರುವ ಗ್ರೂಪಿನಲ್ಲಿ 10,000 ಎಂದರೆ ನೂರು ದಿನದ ಮಾತು. ಹತ್ತು ವರ್ಷದ್ದು ಇದರಲ್ಲಿ ಬರುವುದಿಲ್ಲ. ಆದರೂ ಬರೀ ಬರಹದ ಪ್ರತಿ ತೆಗೆದಿಡಿ. ಯಾವ ಪದ ಯಾವ ಊರಿನ ಆಟದ್ದು, ಆ ರಾತ್ರಿ ಸತ್ಯಭಾಮೆ ಯಾರು ಆಡಿದ್ದರು ಎಂಬ ಮಾತೆಲ್ಲ ಅದರಲ್ಲಿರುತ್ತದೆ. ಎಕ್ಸ್‌ಪೋರ್ಟ್ ಆಗದಿದ್ದರೆ ಗ್ರೂಪ್ ಸೆಟ್ಟಿಂಗಿನಲ್ಲಿ ಅಡ್ವಾನ್ಸ್ಡ್ ಚಾಟ್ ಪ್ರೈವಸಿ ಆನ್ ಆಗಿದೆಯೇ ನೋಡಿ. 2025ರಲ್ಲಿ ಬಂದ ಈ ಸೌಲಭ್ಯ ಆನ್ ಇದ್ದರೆ ಯಾರೂ ಎಕ್ಸ್‌ಪೋರ್ಟ್ ಮಾಡಲಾಗದು.

ಎರಡನೆಯದು, ಫೋಲ್ಡರನ್ನೇ ನಕಲು ಮಾಡುವುದು. ಆಂಡ್ರಾಯ್ಡ್ ಮೊಬೈಲನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಆಂಡ್ರಾಯ್ಡ್ ಎಂಬ ಫೋಲ್ಡರಿನೊಳಗಿನ ಮೀಡಿಯಾಕ್ಕೆ ಹೋಗಿ, ಅಲ್ಲಿಂದ ವಾಟ್ಸಾಪ್ ಫೋಲ್ಡರಿನ ಮೀಡಿಯಾಕ್ಕೆ ಇಳಿದರೆ ಆಡಿಯೋ, ವಿಡಿಯೋ, ಇಮೇಜ್, ಡಾಕ್ಯುಮೆಂಟ್, ವಾಯ್ಸ್ ನೋಟ್ ಬೇರೆ ಬೇರೆ ಇರುತ್ತವೆ. ಇಲ್ಲಿ ಎಲ್ಲ ಗ್ರೂಪಿನದೂ ಕಲೆತಿರುತ್ತದೆ, ಮನೆಯ ಫೋಟೋ ಸಹಿತ. ಆದ್ದರಿಂದ ಮೊಬೈಲಿನ ಯಜಮಾನರು ಪಕ್ಕದಲ್ಲೇ ಕೂತಿರಲಿ. ಬೇಕಾದದ್ದನ್ನು ಅವರೇ ಆರಿಸಿಕೊಡಲಿ. ಕಡತದ ಹೆಸರಿನಲ್ಲೇ ತಾರೀಖು ಇರುತ್ತದೆ. 20190214 ಎಂದಿದ್ದರೆ 2019ರ ಫೆಬ್ರವರಿ 14. ಒಂದು ಎಚ್ಚರ: ಅದು ಮೊಬೈಲಿಗೆ ಬಂದ ದಿನವೇ ಹೊರತು ಆಟ ಆದ ದಿನವಲ್ಲ. 1990ರ ದಶಕದ ಕ್ಯಾಸೆಟ್ಟಿನ ಧ್ವನಿಗೂ 2019ರ ಹೆಸರೇ ಬಿದ್ದಿರುತ್ತದೆ. ಇದನ್ನು ನಂಬಿ ಪಟ್ಟಿ ಮಾಡಿದರೆ ತಪ್ಪು ಇತಿಹಾಸ ಬರೆದಂತೆ.

ಪಾರಿಜಾತ ರಾತ್ರಿಯಿಡೀ ನಡೆಯುವ ಆಟ. ಗೊಲ್ಲತಿಯ ಪ್ರಸಂಗದಿಂದ ಸತ್ಯಭಾಮೆಯ ಮುನಿಸು ತೀರುವವರೆಗೆ ಆರು ತಾಸಿನ ಧ್ವನಿ ಎಂದಿಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಬಹಳ ವರ್ಷ ಒಂದು ಆಡಿಯೋಕ್ಕೆ 16 ಎಂಬಿ ಮಿತಿ ಇತ್ತು. ಮಧ್ಯಮ ಗುಣಮಟ್ಟದ, ಅಂದರೆ 128 ಕೆಬಿಪಿಎಸ್‌ನ ಎಂಪಿ3 ಆದರೆ 16 ಎಂಬಿಗೆ ಸುಮಾರು 17 ನಿಮಿಷ. ಹಾಗಾಗಿ ಒಂದು ರಾತ್ರಿಯ ಆಟ ಇಪ್ಪತ್ತು ಇಪ್ಪತ್ತೆರಡು ತುಂಡಾಗಿ ಬಂದಿರುತ್ತದೆ, ಅದೂ ಕ್ರಮ ತಪ್ಪಿ. ಜೋಡಿಸಲು ಅವಸರ ಬೇಡ. ಮೊದಲು ಪ್ರತಿ ತುಂಡಿಗೆ ಊರು, ಮೇಳ, ಕ್ರಮಸಂಖ್ಯೆ ಹಾಕಿ ಹೆಸರಿಡಿ. ಕ್ರಮ ತಿಳಿಯದಿದ್ದರೆ ಒಂದು ತುಂಡಿನ ಕೊನೆಯ ಅರ್ಧ ನಿಮಿಷ, ಇನ್ನೊಂದರ ಮೊದಲ ಅರ್ಧ ನಿಮಿಷ ಕೇಳಿ. ಪದದ ನಡುವೆ ಕತ್ತರಿಸಿದ್ದು ಅಲ್ಲೇ ಕೂಡುತ್ತದೆ. ಆಟ ಬಾಯಿಪಾಠ ಇರುವ ಹಿರಿಯರು ಬಳಗದಲ್ಲಿದ್ದರೆ ಇದು ಅವರಿಗೆ ಒಂದು ಸಂಜೆಯ ಕೆಲಸ. ಪದ ಗೊತ್ತಿಲ್ಲದವರಿಗೆ ವಾರವಾದರೂ ಮುಗಿಯದು. ಆಮೇಲೆ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಜೋಡಿಸಬಹುದು. ಎಂಪಿ3 ಮತ್ತೆ ಎಂಪಿ3 ಆಗುವಾಗ ಧ್ವನಿ ಸ್ವಲ್ಪ ಕೆಡುತ್ತದೆ, ಆದ್ದರಿಂದ ಮೂಲ ತುಂಡುಗಳನ್ನು ಎಸೆಯಬೇಡಿ. ಸದಸ್ಯರ ಹತ್ತಿರ ತುಂಡಾಗದ ಮೂಲ ಇದ್ದರೆ ಈಗ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ಹೇಳಿ. 2 ಜಿಬಿವರೆಗೆ ಹೋಗುತ್ತದೆ. ಫೋಟೋವನ್ನೂ ಡಾಕ್ಯುಮೆಂಟ್ ಆಗಿಯೇ ತರಿಸಿ. ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಹಳೆಯ ಹ್ಯಾಂಡ್‌ಬಿಲ್ಲಿನ ಸಣ್ಣ ಅಕ್ಷರ ಓದಲಿಕ್ಕಾಗುವುದಿಲ್ಲ.

ಆರು ತಾಸಿನ ಆಟಕ್ಕೆ ಸುಮಾರು 350 ಎಂಬಿ ಜಾಗ ಬೇಕು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ನಲವತ್ತು ರಾತ್ರಿ ಹಿಡಿಸುತ್ತವೆ, ಆದರೆ ಜಿಮೇಲ್, ಫೋಟೋಸ್ ಕೂಡ ಅದೇ ಜಾಗ ತಿನ್ನುತ್ತವೆ. ಬಳಗಕ್ಕೆಂದೇ ಹೊಸ ಖಾತೆ ತೆರೆದು ಮರೆತುಬಿಟ್ಟರೆ ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. ಹಾಗಾಗಿ ಅದೊಂದನ್ನೇ ನೆಚ್ಚಬೇಡಿ. ಎರಡು ಹಾರ್ಡ್‌ಡಿಸ್ಕ್ ಮಾಡಿ, ಎರಡು ಬೇರೆ ಊರಲ್ಲಿಡಿ: ಒಂದು ಮುಧೋಳದಲ್ಲಿದ್ದರೆ ಇನ್ನೊಂದು ಗೋಕಾಕದಲ್ಲಿ. ಪೆನ್‌ಡ್ರೈವ್ ಹಂಚಲು ಸರಿ, ವರ್ಷಗಟ್ಟಲೆ ಕಪಾಟಿನಲ್ಲಿಡಲು ಅಲ್ಲ.

ಇನ್ನೊಂದು ಪ್ರತಿ ಸಂಸ್ಥೆಗೆ ಸೇರಲಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಕರ್ನಾಟಕ ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲೇ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಕುಲಗೋಡ ತಮ್ಮಣ್ಣ ಕಟ್ಟಿಕೊಟ್ಟ ಆಟ, ಕೌಜಲಗಿ ನಿಂಗಮ್ಮನಂಥವರು ಬೆಳೆಸಿದ ಹಾಡುಗಾರಿಕೆ, ಊರೂರಿಗೆ ಬೇರೆಯಾಗುವ ಮಟ್ಟು, ಇದೆಲ್ಲ ಮುಂದೆ ಓದುವವರಿಗೆ, ಹಾಡುವವರಿಗೆ ಬೇಕು. ಡಿಸ್ಕ್ ಹಿಡಿದುಕೊಂಡು ನೇರ ಹೋಗಬೇಡಿ. ಏನೇನಿದೆ ಎಂಬ ಪಟ್ಟಿ ಲಗತ್ತಿಸಿ ಪತ್ರ ಬರೆದು, ತೆಗೆದುಕೊಳ್ಳುತ್ತೀರಾ, ಯಾವ ಷರತ್ತಿಗೆ ಎಂದು ಮೊದಲು ಕೇಳಿ. ಪಟ್ಟಿಯಲ್ಲಿ ಊರು, ಆಟದ ವರ್ಷ, ಮೇಳ, ಪಾತ್ರ ಮತ್ತು ಪಾತ್ರಧಾರಿ, ಹಾರ್ಮೋನಿಯಂ ಹಾಗೂ ತಬಲಾ ಸಾಥಿ, ರೆಕಾರ್ಡ್ ಮಾಡಿದವರು, ಅನುಮತಿ ಇದೆಯೋ ಇಲ್ಲವೋ, ಇಷ್ಟು ಕಾಲಂ ಸಾಕು. ಅನುಮತಿಯ ಕಾಲಂ ಖಾಲಿ ಬಿಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. ಗ್ರೂಪಿನಲ್ಲಿ ಕೇಳಿದ್ದು ಬೇರೆ, ಯೂಟ್ಯೂಬಿಗೆ ಹಾಕಿ ಹಣ ಮಾಡುವುದು ಬೇರೆ. ಮೇಳದವರನ್ನು ಕೇಳಿ, ಅವರು ಹ್ಞೂಂ ಎಂದದ್ದನ್ನು ಒಂದು ಚೀಟಿಯಲ್ಲೋ ಧ್ವನಿಯಲ್ಲೋ ಇಟ್ಟುಕೊಳ್ಳಿ.

ಹಳೆಯ ಬಳಗದಲ್ಲಿ ತೀರಿಹೋದವರು ಇದ್ದೇ ಇರುತ್ತಾರೆ. ಅವರ ವಾಯ್ಸ್ ನೋಟುಗಳನ್ನು ಬೇರೆ ಫೋಲ್ಡರಿನಲ್ಲಿ ತೆಗೆದಿಡಿ. ಒಬ್ಬ ಕಲಾವಿದರು ನಸುಕಿನಲ್ಲಿ ಎದ್ದು ಒಂದು ಪದದ ಎರಡು ನುಡಿ ಹೇಳಿ ಕಳಿಸಿದ್ದು ಗ್ರೂಪಿಗೆ ನೂರರಲ್ಲಿ ಒಂದು ಸಂದೇಶ; ಅವರ ಮನೆಯವರಿಗೆ ಉಳಿದ ಧ್ವನಿಯೇ ಅದೊಂದು ಇರಬಹುದು. ಬೇರೆ ಎಲ್ಲಿಗೂ ಹಾಕುವ ಮೊದಲು ಅದನ್ನು ಅವರ ಮಗನಿಗೋ ಮಗಳಿಗೋ ಮುಟ್ಟಿಸಿ. ಹಾಗೆಯೇ ಅವರ ನಂಬರ್ ಗ್ರೂಪಿನಲ್ಲಿ ಇನ್ನೂ ಇದೆಯೇ ನೋಡಿ. ರೀಚಾರ್ಜ್ ನಿಂತ ನಂಬರ್ ಕೆಲ ತಿಂಗಳಲ್ಲಿ ಬೇರೆಯವರ ಪಾಲಾಗಬಹುದು, ಸತ್ತವರ ಹೆಸರಲ್ಲಿ ಯಾರದೋ ಸಂದೇಶ ಬಂದು ಎಲ್ಲರೂ ಗಾಬರಿಯಾಗುತ್ತಾರೆ.

ಹಣದ ಮಾತು ಚಿಕ್ಕದು, ಆದರೆ ಜಗಳ ಹುಟ್ಟುವುದು ಅಲ್ಲಿಯೇ. ಕಲಾವಿದರ ಸಹಾಯಕ್ಕೋ ಸನ್ಮಾನಕ್ಕೋ ವಂತಿಗೆ ಎತ್ತಿದ್ದು ಒಬ್ಬ ಅಡ್ಮಿನ್ ಖಾತೆಯಲ್ಲಿ ಉಳಿದಿದ್ದರೆ ಜಮಾ, ಖರ್ಚು, ಉಳಿಕೆ ಮೂರನ್ನೂ ಬಿಳಿ ಹಾಳೆಯಲ್ಲಿ ಬರೆದು ಫೋಟೋ ಹಾಕಿ. ಉಳಿಕೆ ಏನು ಮಾಡಬೇಕೆಂದು ಪೋಲ್ ಇಡಿ. ವಾಟ್ಸಾಪ್ ಪೋಲಿನಲ್ಲಿ ಯಾರು ಏನು ಒತ್ತಿದರು ಎಂಬುದು ಹೆಸರು ಸಹಿತ ಕಾಣುತ್ತದೆ, ಹಣದ ವಿಷಯಕ್ಕೆ ಅದೇ ಒಳ್ಳೆಯದು. ಬಳಗವನ್ನು ಸಂಘವಾಗಿ ನೋಂದಾಯಿಸಿದ್ದರೆ ಪೋಲ್ ನಡೆಯದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಸಭೆ ಕರೆದು ಐದರಲ್ಲಿ ಮೂರು ಪಾಲು ಸದಸ್ಯರ ಒಪ್ಪಿಗೆಯಿಂದ ಠರಾವು ಮಾಡಬೇಕು. ಸಾಲ ತೀರಿ ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಬೇರೊಂದು ಸಂಘಕ್ಕೆ ಹೋಗಬೇಕು. ಕಾಗದ ಪತ್ರಕ್ಕೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ಹೋಗಿ ವಿಚಾರಿಸಿ.

ಇಷ್ಟೆಲ್ಲ ಆದ ಮೇಲೆ ತಿಳಿವಳಿಕೆ. ಆರು ವಾರ ಮೊದಲೇ ಹೇಳಿ. ಜಾತ್ರೆಯ ದಿನಗಳಲ್ಲಿ ಹೊಸ ರೆಕಾರ್ಡಿಂಗ್ ಬರುತ್ತಿರುತ್ತವೆ, ಆಗ ಬೇಡ. ಮುಂಗಾರು ಬಿತ್ತಿಗೆ ಹೊತ್ತಿನಲ್ಲಿ ರೈತ ಸದಸ್ಯರಿಗೆ ಮೊಬೈಲ್ ನೋಡಲು ಪುರಸೊತ್ತಿರುವುದಿಲ್ಲ. ನಮ್ಮ ಕಡೆಗೆ ನಾಗರ ಪಂಚಮಿ ಆಸುಪಾಸು ಸರಿಯಾದ ಕಾಲ. ಪುಣೆ, ಬೆಂಗಳೂರಲ್ಲಿ ಇದ್ದವರೂ ಊರಿಗೆ ಬಂದಿರುತ್ತಾರೆ, ಹಿರಿಯರ ಮೊಬೈಲಿನಿಂದ ಕಡತ ತೆಗೆದುಕೊಡಲು ಮನೆಯಲ್ಲಿ ಹುಡುಗರು ಸಿಗುತ್ತಾರೆ. ಸಂದೇಶ ಹೀಗಿರಬಹುದು:

"ಎಲ್ಲಾ ಹಿರಿಯರಿಗೆ, ಅಣ್ಣಾರಿಗೆ, ಅಕ್ಕಾರಿಗೆ ಶರಣ್ರೀ. ಬರೋ ಪಂಚಮಿ ಮುಗದ ಮ್ಯಾಲೆ ನಮ್ಮ ಬಳಗ ಬಂದ್ ಮಾಡಾಕ ಅಡ್ಮಿನ್ ಮಂದಿ ಕೂಡಿ ಠರಾವ್ ಮಾಡೇವ್ರಿ. ಯಾರ ಮ್ಯಾಲೂ ಸಿಟ್ಟಿಲ್ಲ, ಜಗಳ ಆಗಿಲ್ಲ, ನೋಡ್ಕೊಳ್ಳಾಕ ನಮಗ ಟೈಮ್ ಸಾಲವಲ್ದು. ಯಾರನ್ನೂ ಗ್ರೂಪಿನಿಂದ ತಗಿಯೂದಿಲ್ರಿ. ಹಳೇ ಪದ, ಫೋಟೋ ನಿಮ್ಮ ಮೊಬೈಲ್‌ನ್ಯಾಗ ಹಂಗ ಇರ್ತಾವು. ನಿಮ್ಮ ಹಂತ್ಯಾಕ ಇದ್ದ ರೆಕಾರ್ಡಿಂಗ್ ಡಾಕ್ಯುಮೆಂಟ್ ಮಾಡಿ ಕಳಸ್ರಿ, ಬರಲಿಲ್ಲಂದ್ರ ಫೋನ್ ಮಾಡ್ರಿ, ಮನೀಗೆ ಬಂದು ತಗೋತೇವಿ."

ಕಾರಣವನ್ನು ಒಂದೇ ಸಾಲಿನಲ್ಲಿ, ಇದ್ದದ್ದು ಇದ್ದ ಹಾಗೆ ಹೇಳಿ. ಕಾರಣ ಹೇಳದಿದ್ದರೆ ಮೂರು ದಿನದಲ್ಲಿ ಮೂರು ಕಥೆ ಹುಟ್ಟುತ್ತವೆ. ಇದೇ ಸಂದೇಶವನ್ನು ಧ್ವನಿಯಲ್ಲೂ ಹಾಕಿ, ಓದಲು ಬಾರದವರು ಪಾರಿಜಾತದ ಬಳಗದಲ್ಲಿ ಕಡಿಮೆಯೇನಿಲ್ಲ. ಯಾರಾದರೂ ನಾವು ಮುಂದುವರಿಸುತ್ತೇವೆ ಎಂದರೆ ಸಂತೋಷ. ಆದರೆ ಹೊಸ ಗ್ರೂಪನ್ನು ಹೊಸ ಹೆಸರಿನಲ್ಲಿ ಮಾಡಲಿ, ಲಿಂಕ್ ಹಾಕಲಿ, ಇಷ್ಟ ಇದ್ದವರು ಹೋಗಲಿ. ಕೇಳದೆ ಎಲ್ಲರ ನಂಬರನ್ನು ಎತ್ತಿ ಹೊಸದಕ್ಕೆ ಹಾಕುವುದು ಸರಿಯಲ್ಲ.

ಕೊನೆಯ ಸಂಜೆಗೆ ಒಂದು ಹೊತ್ತು ಗೊತ್ತುಮಾಡಿ, ಏಳರಿಂದ ಒಂಬತ್ತೂವರೆ ಅಂದರೆ ಸಾಕು. ಒಬ್ಬರಿಗೆ ಒಂದು ಪದ ಅಥವಾ ಒಂದು ನೆನಪು. ಗುಲಾಬಿ ಹೂವಿನ ಫಾರ್ವರ್ಡ್ ಬೇಡವೆಂದು ಮೊದಲೇ ಹೇಳಿ, ಇಲ್ಲವಾದರೆ ಪದಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಆ ರಾತ್ರಿಯದನ್ನು ಮರುದಿನವೇ ಡಿಸ್ಕಿಗೆ ಇಳಿಸಿ.

ಆಮೇಲೆ ಬೀಗ. ಗ್ರೂಪ್ ಪರ್ಮಿಶನ್ಸ್‌ನಲ್ಲಿ ಸದಸ್ಯರು ಸಂದೇಶ ಕಳಿಸುವುದು, ಹೆಸರು ಬದಲಿಸುವುದು, ಬೇರೆಯವರನ್ನು ಸೇರಿಸುವುದು ಮೂರನ್ನೂ ಆಫ್ ಮಾಡಿ. ಇನ್ವೈಟ್ ಲಿಂಕ್ ರೀಸೆಟ್ ಮಾಡಿ. ಹಳೆಯ ಲಿಂಕ್ ಎಲ್ಲೆಲ್ಲೋ ಹಂಚಿಹೋಗಿರುತ್ತದೆ. ಅಡ್ಮಿನ್ ಪಟ್ಟಿಯಲ್ಲಿ ಇಬ್ಬರನ್ನಷ್ಟೇ ಉಳಿಸಿ, ಇಬ್ಬರೂ ವಾಟ್ಸಾಪ್ ದಿನಾ ಬಳಸುವವರಾಗಿರಲಿ. 120 ದಿನ ಬಳಸದ ಖಾತೆ ಸಾಮಾನ್ಯವಾಗಿ ಅಳಿದುಹೋಗುತ್ತದೆ. ಗ್ರೂಪನ್ನೇ ಪೂರ್ತಿ ತೆಗೆಯಬೇಕೆಂದರೆ ಪ್ರತಿಯೊಬ್ಬ ಸದಸ್ಯರನ್ನೂ ತೆಗೆದು, ಕೊನೆಗೆ ತಾವು ಹೊರಬಂದು ಡಿಲೀಟ್ ಮಾಡಬೇಕು. ಅದನ್ನು ಮಾಡಬೇಡಿ ಎಂದೇ ನಮ್ಮ ಸಲಹೆ. ತಮ್ಮ ಹೆಸರು ತೆಗೆದದ್ದು ಕಂಡ ಹಿರಿಯರು "ನಾ ಏನ ತಪ್ಪ ಮಾಡೀನಿ?" ಎಂದು ಫೋನ್ ಮಾಡುತ್ತಾರೆ. ಅವರಿಗೆ ತಂತ್ರ ವಿವರಿಸಿ ಪ್ರಯೋಜನವಿಲ್ಲ, ನೋವು ಆಗಿಹೋಗಿರುತ್ತದೆ. ಬೀಗ ಹಾಕಿದ ಗ್ರೂಪ್ ಇದ್ದಲ್ಲೇ ಇರಲಿ. ಬೇಕಾದವರು ಮೇಲೆ ಸರಿಸಿ ಹಳೆಯ ಪದ ಕೇಳಿಕೊಳ್ಳುತ್ತಾರೆ.

ಮೂರು ತಿಂಗಳ ಮೇಲೆ ಎರಡೂ ಡಿಸ್ಕ್ ತೆರೆದು, ನಾಲ್ಕಾರು ಕಡತ ಆಡಿಸಿ ನೋಡಿ. ಹಣ ಕೊಟ್ಟವರ ಪಟ್ಟಿ, ಫೋನ್ ನಂಬರ್, ಯುಪಿಐ ವಿವರ ಇರುವ ಹಾಳೆಗಳನ್ನು ಲೆಕ್ಕ ಮುಗಿದ ಮೇಲೆ ಅಳಿಸಿಬಿಡಿ; ಅವು ಅಕಾಡೆಮಿಗೆ ಹೋಗುವ ಡಿಸ್ಕಿನಲ್ಲಿ ಇರಕೂಡದು.