9 ಪಾಯಿಂಟ್ ಹೊಡೆದವರಿಗೆ +19 ಹೇಗೆ ಬಂತು?

ಪ್ರಶ್ನೆ: ಬೆಳಿಗ್ಗೆ ಎದ್ದು ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಪಂದ್ಯ ನೋಡ್ತೀನಿ. ಮುಗಿದ ಮೇಲೆ ಮೊಬೈಲ್‌ನಲ್ಲಿ ಬಾಕ್ಸ್ ಸ್ಕೋರ್, ಅಂದ್ರೆ ಪ್ರತಿ ಆಟಗಾರನ ಅಂಕಿಗಳ ಪಟ್ಟಿ ತೆಗೀತೀನಿ. ಪಾಯಿಂಟ್, ರೀಬೌಂಡ್ (ಗುರಿ ತಪ್ಪಿದ ಚೆಂಡು ಹಿಡಿಯೋದು), ಅಸಿಸ್ಟ್ (ಬಾಸ್ಕೆಟ್ ಹಾಕಲು ಪಾಸ್ ಕೊಡೋದು) ಎಲ್ಲಾ ಅರ್ಥವಾಗುತ್ತೆ. ಪ್ಲಸ್-ಮೈನಸ್ ಅನ್ನೋ ಕಾಲಂ ಮಾತ್ರ ತಲೆಗೆ ಹತ್ತುತ್ತಿಲ್ಲ. ಕಡಿಮೆ ಪಾಯಿಂಟ್ ಹೊಡೆದವನಿಗೆ ಪ್ಲಸ್, ಜಾಸ್ತಿ ಹೊಡೆದವನಿಗೆ ಮೈನಸ್ ಇರುತ್ತಲ್ಲ, ಅದು ಹೇಗೆ?
- ಕಾಲೇಜು ವಿದ್ಯಾರ್ಥಿ, ಕಲಬುರಗಿ

ಉತ್ತರ: ಬ್ಯಾಸ್ಕೆಟ್‌ಬಾಲ್ ನೋಡುವ ಬಹಳ ಜನ ಇದನ್ನೇ ಕೇಳುತ್ತಾರೆ. ಲೆಕ್ಕ ಸುಲಭ. ಒಬ್ಬ ಆಟಗಾರ ಕೋರ್ಟ್ ಮೇಲಿದ್ದಷ್ಟು ಹೊತ್ತು ಅವನ ತಂಡ ಎಷ್ಟು ಪಾಯಿಂಟ್ ಗಳಿಸಿತು, ಎದುರಿನ ತಂಡ ಎಷ್ಟು ಗಳಿಸಿತು, ಅಷ್ಟೇ ನೋಡುವುದು. ಎರಡರ ವ್ಯತ್ಯಾಸವೇ ಪ್ಲಸ್-ಮೈನಸ್. ಬಾಸ್ಕೆಟ್ ಯಾರು ಹಾಕಿದರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ನಿಮ್ಮ ತಂಡ 20-24ರಿಂದ ಹಿಂದಿದ್ದಾಗ ನೀವು ಒಳಗೆ ಹೋದಿರಿ ಎಂದುಕೊಳ್ಳಿ. 34-30 ಆದಾಗ ಹೊರಗೆ ಬಂದಿರಿ. ಅಷ್ಟರಲ್ಲಿ ನಿಮ್ಮವರು 14 ಗಳಿಸಿದರು, ಎದುರಾಳಿ 6. ನಿಮ್ಮ ಹೆಸರಿನ ಮುಂದೆ +8. ಆ ಹೊತ್ತಿನಲ್ಲಿ ನೀವು ಒಂದೂ ಬಾಸ್ಕೆಟ್ ಹಾಕದೇ ಇದ್ದರೂ ಅದು +8 ಆಗಿಯೇ ಇರುತ್ತದೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ 2016ರ ಎನ್‌ಬಿಎ ಫೈನಲ್ಸ್‌ನ ಏಳನೇ ಪಂದ್ಯ. ಅಮೆರಿಕದಲ್ಲಿ ಅದು ಜೂನ್ 19ರ ಭಾನುವಾರ. ನಮಗೆ ಸೋಮವಾರ ಬೆಳಗಿನ ಜಾವ. ಸರಣಿಯಲ್ಲಿ ಒಂದು ಹಂತದಲ್ಲಿ 3-1ರಿಂದ ಹಿಂದಿದ್ದ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವನ್ನು ಅದರ ಊರಿನಲ್ಲೇ 93-89ರಿಂದ ಸೋಲಿಸಿ ಕಪ್ ಎತ್ತಿತು. ಅವತ್ತು ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ಗಳಿಸಿದ್ದು ಸೋತ ತಂಡದ ಡ್ರೇಮಂಡ್ ಗ್ರೀನ್. 32 ಪಾಯಿಂಟ್, 15 ರೀಬೌಂಡ್, 9 ಅಸಿಸ್ಟ್. ಗೆದ್ದವರ ಕಡೆ ಲೆಬ್ರಾನ್ ಜೇಮ್ಸ್ 27 ಪಾಯಿಂಟ್, 11 ರೀಬೌಂಡ್, 11 ಅಸಿಸ್ಟ್. ಕೈರಿ ಅರ್ವಿಂಗ್ 26 ಪಾಯಿಂಟ್. ಕೆವಿನ್ ಲವ್ ಗಳಿಸಿದ್ದು ಬರೀ 9. ರೀಬೌಂಡ್ 14. ಆದರೆ ಪ್ಲಸ್-ಮೈನಸ್ +19!

ಈಗ ಈ +19ನ್ನು ಸ್ವಲ್ಪ ಬಿಡಿಸಿ ನೋಡೋಣ. ಕ್ಲೀವ್‌ಲ್ಯಾಂಡ್ ಗೆದ್ದದ್ದು 4 ಪಾಯಿಂಟ್‌ಗಳಿಂದ. ಲವ್ ಒಳಗಿದ್ದಾಗ ತಂಡ 19 ಪಾಯಿಂಟ್ ಮುಂದಿತ್ತು ಎಂದರೆ, ಅವರು ಬೆಂಚ್ ಮೇಲೆ ಕೂತಿದ್ದಾಗ 15 ಪಾಯಿಂಟ್ ಹಿಂದೆ ಬಿದ್ದಿತ್ತು. ಆ 9 ಪಾಯಿಂಟ್ ನೋಡಿ ಇದನ್ನು ಯಾರು ಊಹಿಸುತ್ತಾರೆ, ಹೇಳಿ?

ಕೊನೆಯ ನಿಮಿಷವನ್ನೇ ತೆಗೆದುಕೊಳ್ಳಿ. 89-89 ಇದ್ದಾಗ, ಇನ್ನು 53 ಸೆಕೆಂಡ್ ಉಳಿದಿದ್ದಾಗ ಅರ್ವಿಂಗ್ ಮೂರು ಪಾಯಿಂಟ್ ಹೊಡೆದರು. ಅದು ಅವರ ಹೆಸರಿನಲ್ಲಿ ದಾಖಲಾಯಿತು. ಮುಂದಿನ ಸರದಿಯಲ್ಲಿ ಲವ್ ಎದುರಿಗೆ ಸಿಕ್ಕಿದ್ದು ಗೋಲ್ಡನ್ ಸ್ಟೇಟ್‌ನ ಸ್ಟೀಫ್ ಕರಿ. ದೊಡ್ಡ ಮೈಯ ಲವ್, ಜಗತ್ತಿನ ಅತಿ ಶ್ರೇಷ್ಠ ಶೂಟರ್ ಮುಂದೆ ಹಿಂಜರಿಯದೆ ನಿಂತರು. ಕರಿ ಅತ್ತ ಹೋದರು, ಇತ್ತ ಬಂದರು, ಜಾಗ ಸಿಗಲಿಲ್ಲ. ಕೊನೆಗೆ ಹೊಡೆದ ಚೆಂಡು ಒಳಗೆ ಬೀಳಲಿಲ್ಲ. ಬಾಕ್ಸ್ ಸ್ಕೋರ್‌ನಲ್ಲಿ ಅದು ಕರಿಯ ಒಂದು ಮಿಸ್, ಅಷ್ಟೇ. ಆ ಸರದಿಗೆ ಲವ್ ಹೆಸರಿನಲ್ಲಿ ಸ್ಟೀಲ್ (ಚೆಂಡು ಕಸಿದದ್ದು) ಇಲ್ಲ, ಬ್ಲಾಕ್ (ಹೊಡೆತ ತಡೆದದ್ದು) ಇಲ್ಲ. ಇಂಥ ಕೆಲಸದ ಸುಳಿವು ಸಿಗುವುದು ಪ್ಲಸ್-ಮೈನಸ್‌ನಲ್ಲಿ ಮಾತ್ರ. ಕ್ರಿಕೆಟ್‌ನಲ್ಲಿ ಒಂದು ತುದಿಯಿಂದ ರನ್ ಕೊಡದೆ ಬಿಗಿ ಹಿಡಿಯುವ ಬೌಲರ್ ಇರುತ್ತಾನೆ, ವಿಕೆಟ್ ಇನ್ನೊಂದು ತುದಿಯಲ್ಲಿ ಬೀಳುತ್ತದೆ. ಅದೇ ಥರ ಇದು.

ಹಾಗಂತ ಈ ಅಂಕಿಯನ್ನೇ ಹಿಡಿದುಕೊಂಡು ಕೂರಬೇಡಿ. ಮೊದಲು ನಿಮಿಷಗಳ ಕಾಲಂ ನೋಡಿ. ಎನ್‌ಬಿಎ ಪಂದ್ಯ 48 ನಿಮಿಷ. ಪೂರ್ತಿ 48 ನಿಮಿಷ ಆಡಿದವನ ಪ್ಲಸ್-ಮೈನಸ್ ಪಂದ್ಯದ ಅಂತರಕ್ಕೆ ಸರಿಯಾಗಿಯೇ ಇರುತ್ತದೆ, ಬೇರೆ ದಾರಿಯೇ ಇಲ್ಲ. ಲೆಬ್ರಾನ್ ಆ ಫೈನಲ್‌ನಲ್ಲಿ ಸುಮಾರು 47 ನಿಮಿಷ ಆಡಿದರು. 4 ಪಾಯಿಂಟ್ ಅಂತರದ ಪಂದ್ಯದಲ್ಲಿ ಅಷ್ಟು ಹೊತ್ತು ಆಡಿದವರಿಗೆ ದೊಡ್ಡ ಪ್ಲಸ್ ಬರುವುದು ತುಂಬಾ ಕಷ್ಟ. ಅದಕ್ಕೆ ಲವ್ ಲೆಬ್ರಾನ್‌ಗಿಂತ ಚೆನ್ನಾಗಿ ಆಡಿದರು ಅನ್ನುವುದು ತಪ್ಪು. ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಲೆಬ್ರಾನ್‌ಗೇ ಹೋಯಿತು, ಅದು ನ್ಯಾಯವೇ.

ಜೊತೆಗೆ ಇರುವ ನಾಲ್ವರು ಯಾರು ಎಂಬುದೂ ಮುಖ್ಯ. ಒಳ್ಳೆಯ ನಾಲ್ವರ ಜೊತೆ ಆಡುವ ಸಾಧಾರಣ ಆಟಗಾರನಿಗೂ ಪ್ಲಸ್ ಬರುತ್ತದೆ. ಪಂದ್ಯ ಕೈಬಿಟ್ಟು ಹೋದ ಮೇಲೆ ಕೊನೆಯ ಐದು ನಿಮಿಷ ಬೆಂಚ್ ಹುಡುಗರನ್ನು ಇಳಿಸುತ್ತಾರಲ್ಲ, ಆಗ ಬಂದ ಪ್ಲಸ್‌ಗೆ ಹೆಚ್ಚು ಬೆಲೆ ಕೊಡಬೇಡಿ.

ಲೆಕ್ಕ ಸರಿಯಿದೆಯೋ ಇಲ್ಲವೋ ನೋಡಲು ಒಂದು ದಾರಿ ಇದೆ. ಸದಾ ಐವರು ಒಳಗಿರುವುದರಿಂದ, ತಂಡದ ಎಲ್ಲರ ಪ್ಲಸ್-ಮೈನಸ್ ಕೂಡಿಸಿದರೆ ಅಂತರದ ಐದು ಪಟ್ಟು ಬರಬೇಕು. ಆ ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್‌ಗೆ +20, ಗೋಲ್ಡನ್ ಸ್ಟೇಟ್‌ಗೆ -20.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ನಮ್ಮ ಮಕ್ಕಳ ಪಂದ್ಯಗಳು. ಸೇಡಂ, ಆಳಂದ, ಜೇವರ್ಗಿ ತಂಡಗಳು ಆಡುವ ಪಂದ್ಯ ಮುಗಿದ ಮೇಲೆ ಸ್ಕೋರ್ ಶೀಟ್‌ನಲ್ಲಿ ಏನು ಉಳಿಯುತ್ತದೆ? ಪಾಯಿಂಟ್ ಮತ್ತು ಫೌಲ್. ಅಂತರರಾಷ್ಟ್ರೀಯ ನಿಯಮದ ಅಧಿಕೃತ ಶೀಟ್‌ನಲ್ಲೂ ರೀಬೌಂಡ್, ಅಸಿಸ್ಟ್ ಬರೆಯುವ ಜಾಗವಿಲ್ಲ. ಎದುರಾಳಿಗೆ ಅಡ್ಡ ನಿಂತು ಸ್ಕ್ರೀನ್ ಹಾಕುವ, ಓಡಿ ಬಂದು ಡಿಫೆನ್ಸ್‌ಗೆ ನಿಲ್ಲುವ ಹುಡುಗಿಯ ಹೆಸರಿನ ಮುಂದೆ ಸೊನ್ನೆ. ಮುಂದಿನ ಸಲ ತಂಡ ಆರಿಸುವಾಗ ಅವಳನ್ನು ಬಿಡುತ್ತಾರೆ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ. ನಮ್ಮ ಬಿಸಿಲಲ್ಲಂತೂ ಆಟಗಾರರನ್ನು ಮತ್ತೆ ಮತ್ತೆ ಬದಲಿಸಲೇಬೇಕಾಗುತ್ತದೆ. ಅಂದ ಮೇಲೆ ಯಾರು ಒಳಗಿದ್ದಾಗ ಏನಾಯಿತು ಎಂಬ ಲೆಕ್ಕ ನಮಗೇ ಜಾಸ್ತಿ ಬೇಕು, ಅಲ್ವಾ?

ಒಂದು ನೋಟ್‌ಬುಕ್, ಒಂದು ಪೆನ್ ಸಾಕು. ಶುರುವಿನಲ್ಲಿ ಐದು ಹೆಸರು ಬರೆಯಿರಿ. ಆಟಗಾರರ ಬದಲಾವಣೆ ಆದಾಗಲೆಲ್ಲ ಎರಡೂ ತಂಡಗಳ ಸ್ಕೋರ್ ಬರೆದು ಗೆರೆ ಎಳೆಯಿರಿ. ಕೆಳಗೆ ಹೊಸ ಐದು ಹೆಸರು. ಕ್ವಾರ್ಟರ್ ಮುಗಿದಾಗಲೂ ಹಾಗೇ ಮಾಡಿ. ಪಂದ್ಯ ಮುಗಿದ ಮೇಲೆ ಪ್ರತಿ ಗೆರೆಯ ನಡುವಿನ ವ್ಯತ್ಯಾಸ ತೆಗೆದು, ಆಗ ಒಳಗಿದ್ದ ಐವರಿಗೂ ಅದನ್ನೇ ಬರೆದು ಕೂಡಿಸಿ. ಐದು ಪಟ್ಟಿನ ಲೆಕ್ಕ ತಾಳೆಯಾಗದಿದ್ದರೆ ಎಲ್ಲೋ ಒಂದು ಬದಲಾವಣೆ ಬರೆಯುವುದು ಬಿಟ್ಟುಹೋಗಿದೆ ಅಂತ ಅರ್ಥ. ಒಂದೇ ಪಂದ್ಯದ ಅಂಕಿ ನೋಡಿ ಯಾರನ್ನೂ ಕೂರಿಸಬೇಡಿ. ಇಡೀ ಸೀಸನ್ ಬರೆದಿಟ್ಟು, ಆಮೇಲೆ ಕೋಚ್ ಕೈಗೆ ಕೊಡಿ.