ಮೆಣಸಿನಕಾಯಿ ಘಾಟು ಮತ್ತು ಮಾಮೂಲು ವಾರದ ಲೆಕ್ಕ

ಫೆಬ್ರವರಿಯಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳು ರಾಶಿ ಬೀಳುವ ಹೊತ್ತಿಗೇ ಇನ್‌ಫ್ಲುಯೆಂಜಾದ ಕಾಲವೂ ನಡೆದಿರುತ್ತದೆ. ಆಗ ಆರೋಗ್ಯ ಕೇಂದ್ರಕ್ಕೆ ಬರುವ ಕೆಮ್ಮಿನಲ್ಲಿ ಘಾಟಿನದೆಷ್ಟು, ಸೋಂಕಿನದೆಷ್ಟು ಎಂದು ಬೇರ್ಪಡಿಸದೆ ಬರೆದಿಟ್ಟ ಅಂಕಿಯಿಂದ ಪ್ರಯೋಜನವಿಲ್ಲ. ಮಹಾಮಾರಿಗೆ ಸಿದ್ಧತೆಯ ಮಾತು ಬಂದಾಗಲೆಲ್ಲ, ಹಾವೇರಿ ಜಿಲ್ಲೆಯಲ್ಲಿ ಕೆಲಸ ಮಾಡಿದ ವೈದ್ಯನಾದ ನಾನು ವೆಂಟಿಲೇಟರ್‌ಗಳ ಸಂಖ್ಯೆಗಿಂತ ಮೊದಲು ಕೇಳುವುದು ಈ ಲೆಕ್ಕವನ್ನೇ.

ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ ಇನ್‌ಫ್ಲುಯೆಂಜಾ ತರಹದ ಕಾಯಿಲೆ ಎಂದು ಲೆಕ್ಕಕ್ಕೆ ಹಿಡಿಯಲು 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲಿನ, ಅಳೆದು ನೋಡಿದ ಜ್ವರವಿರಬೇಕು, ಕೆಮ್ಮಿರಬೇಕು, ಕಾಯಿಲೆ ಕಳೆದ 10 ದಿನಗಳೊಳಗೆ ಶುರುವಾಗಿರಬೇಕು. ಥರ್ಮಾಮೀಟರ್ ಇಟ್ಟು ನೋಡಿದರೆ ಘಾಟಿಗೆ ಕೆಮ್ಮುವ ಹಮಾಲರು ಈ ಲೆಕ್ಕದಿಂದ ತಾವಾಗಿಯೇ ಹೊರಗುಳಿಯುತ್ತಾರೆ. ಇಂಥ ವಾರದ ಲೆಕ್ಕ ಮೂರು ನಾಲ್ಕು ವರ್ಷಗಳದು ಕೈಯಲ್ಲಿದ್ದರೆ, ಈ ವಾರದ ಏರಿಕೆ ಮಾಮೂಲಿನದೋ ಅಲ್ಲವೋ ಎಂಬುದನ್ನು ಯಾರೂ ಊಹಿಸಬೇಕಾಗಿಲ್ಲ. ಏರಿಕೆಯ ಜೊತೆಗೆ ಗಟ್ಟಿಮುಟ್ಟಾದ ಯುವಕರು ಉಸಿರಾಟದ ತೊಂದರೆಯಿಂದ ದಾಖಲಾಗತೊಡಗಿದರೆ ಗಂಟಲ ದ್ರವದ ಮಾದರಿಯನ್ನು ಅಂದೇ ಪ್ರಯೋಗಾಲಯಕ್ಕೆ ಕಳಿಸಬೇಕು. 1918ರಲ್ಲಿ ಮುಂಬಯಿ ಬಂದರಿನಿಂದ ರೈಲುಮಾರ್ಗಗಳ ಗುಂಟ ಒಳನಾಡಿಗೆ ಹಬ್ಬಿ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಇನ್‌ಫ್ಲುಯೆಂಜಾ ಜ್ವರ 20ರಿಂದ 40ರ ವಯಸ್ಸಿನವರನ್ನೇ ಹೆಚ್ಚಾಗಿ ಕಾಡಿತ್ತು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯೊಳಗೇ ಇಂದಿನ ಗದಗ, ಹಾವೇರಿ ಜಿಲ್ಲೆಗಳ ಬಹುಭಾಗವೂ ಇತ್ತು. ಹುಬ್ಬಳ್ಳಿ ಅಂದೂ ರೈಲ್ವೆಯ ಊರೇ.

ಅವಸರಕ್ಕೆ ಕಾರಣವಿದೆ. ಕೊರೊನಾದಲ್ಲಿ ಸೋಂಕು ತಗುಲಿ ಲಕ್ಷಣ ಕಾಣಲು ಮೊದಮೊದಲು ಸುಮಾರು ಐದು ದಿನ ಸಿಗುತ್ತಿತ್ತು, ಇನ್‌ಫ್ಲುಯೆಂಜಾದಲ್ಲಿ ಸಿಗುವುದು ಸುಮಾರು ಎರಡೇ ದಿನ. ಹೊಸ ತಳಿಗೆ ಲಸಿಕೆ ತಯಾರಾಗಲು ಐದಾರು ತಿಂಗಳು ಬೇಕು. ಇನ್‌ಫ್ಲುಯೆಂಜಾ ವೈರಸ್ಸಿನ ವಿರುದ್ಧ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಲಕ್ಷಣ ಕಂಡ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲಕಾರಿ. ಆದ್ದರಿಂದ ಅದು ಜಿಲ್ಲಾ ಉಗ್ರಾಣದಲ್ಲಿ ಬೀಗದೊಳಗಿದ್ದು, ಹಿರೇಕೆರೂರು ಕಡೆಯ ಹಳ್ಳಿಯ ಗರ್ಭಿಣಿ ನಾಲ್ಕನೆಯ ದಿನ ಆಸ್ಪತ್ರೆ ತಲುಪಿದರೆ ಮಾತ್ರೆಯಿಂದ ಸಿಗಬೇಕಾದ ಲಾಭದ ಬಹುಪಾಲು ಕೈತಪ್ಪಿರುತ್ತದೆ.

ಯೋಜನೆಯ ಕಡತಗಳಲ್ಲಿ ಸಿಬ್ಬಂದಿಗೆ ಜ್ವರವೇ ಬರುವುದಿಲ್ಲ ಎಂಬುದನ್ನೂ ಗಮನಿಸಿದ್ದೇನೆ. ಮೂವರಲ್ಲಿ ಒಬ್ಬ ನರ್ಸ್ ಮಲಗಿದಾಗ ವಾರ್ಡನ್ನು ಯಾರು ನೋಡಬೇಕು, ಆಂಬುಲೆನ್ಸ್ ಚಾಲಕನಿಗೆ ಬದಲಿ ಯಾರು ಎಂಬ ಪಟ್ಟಿಯನ್ನು ಹೆಸರು ಸಮೇತ ಬರೆದಿಡಬೇಕು.

ಇನ್ನು ಹಮಾಲರು. ದುಡಿದ ದಿನಕ್ಕಷ್ಟೇ ಕೂಲಿ ಇರುವವನಿಗೆ ಐದು ದಿನ ಮನೆಯಲ್ಲಿರು ಎಂದು ಚೀಟಿ ಬರೆದುಕೊಟ್ಟರೆ ಅವನು ಎರಡು ಜ್ವರದ ಗುಳಿಗೆ ನುಂಗಿ ಮರುದಿನವೇ ಚೀಲ ಹೊರುತ್ತಾನೆ. ಆ ಐದು ದಿನಗಳ ಕೂಲಿಯನ್ನು ಯಾರು, ಯಾವ ಲೆಕ್ಕದಿಂದ ಕೊಡಬೇಕೆಂಬುದನ್ನು ಮಾರುಕಟ್ಟೆ ಸಮಿತಿ ಮತ್ತು ದಲಾಲಿ ಅಂಗಡಿಯವರೊಂದಿಗೆ ಆರೋಗ್ಯ ಇಲಾಖೆ ಕೂತು, ಆವಕ ಶುರುವಾಗುವ ಮೊದಲೇ, ನವೆಂಬರ್‌ನೊಳಗೆ ತೀರ್ಮಾನಿಸಿಕೊಳ್ಳಬೇಕು.