ಎರಡು ಗಂಟೆಗೆ ಬಾಗಿಲು ಹಾಕಿ ಬ್ಯಾಂಕಿನವರು ಏನು ಮಾಡುತ್ತಿದ್ದರು?

ಪ್ರಶ್ನೆ: ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನ ವ್ಯವಹಾರ ಮಧ್ಯಾಹ್ನ ಎರಡಕ್ಕೇ ಮುಗಿಯುತ್ತಿತ್ತಲ್ಲ, ಆಮೇಲೆ ಸಿಬ್ಬಂದಿಗೆ ಏನು ಕೆಲಸವಿತ್ತು?

ನಿವೃತ್ತನಾದ ಮೇಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ; ಮದುವೆಮನೆಯ ಪಂಕ್ತಿಯಲ್ಲಿ ಕುಳಿತರೂ ಯಾರಾದರೂ ಕೇಳುತ್ತಾರೆ. ಕೇರಂ ಆಡುತ್ತಿದ್ದೆವೆಂದು ಒಪ್ಪಿಕೊಳ್ಳಲಿ ಎಂಬುದು ಅವರ ಆಸೆ. ಕೇರಂ ಬೋರ್ಡ್ ಇತ್ತು, ಸರಿ. ಊಟದ ಬಿಡುವಿಗೆ.

ಎರಡು ಗಂಟೆಗೆ ಮುಚ್ಚುತ್ತಿದ್ದದ್ದು ಗ್ರಾಹಕರ ಬಾಗಿಲು, ಖಾತೆಗಳ ಲೆಕ್ಕ ಬರೆಯುವ ಲೆಡ್ಜರ್ ಅಲ್ಲ. ಬೆಳಿಗ್ಗೆ ನೀವು ಹಿತ್ತಾಳೆಯ ಟೋಕನ್ ಹಿಡಿದು ಬೆಂಚಿನ ಮೇಲೆ ಗೊಣಗುತ್ತಿದ್ದಾಗ ನಿಮ್ಮ ಚೆಕ್ಕು ಲೆಡ್ಜರಿಗೆ ಏರಿ, ಅಧಿಕಾರಿ ಮಾದರಿ ಸಹಿಯ ಜೊತೆ ಹೋಲಿಸಿ ನೋಡಿದ ಮೇಲೆ ಕ್ಯಾಷಿಯರ್ ಕೈಸೇರುತ್ತಿತ್ತು. ಮಧ್ಯಾಹ್ನದ ಮೇಲೆ ಆ ದಿನದ ವೋಚರುಗಳನ್ನೆಲ್ಲ, ಅಂದರೆ ಒಂದೊಂದು ವ್ಯವಹಾರದ ಚೀಟಿಗಳನ್ನೆಲ್ಲ, ವಿಂಗಡಿಸಿ, ದಿನದ ಲೆಕ್ಕದ ಪುಸ್ತಕವಾದ ಡೇ ಬುಕ್ ಬರೆದು, ಜಮಾ ಖರ್ಚು ತಾಳೆ ಮಾಡಬೇಕಿತ್ತು. ಹತ್ತು ಪೈಸೆ ವ್ಯತ್ಯಾಸ ಬಂದರೂ ಯಾರೂ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ.

‘ಹತ್ತು ಪೈಸೆ ತಾನೆ, ಜೇಬಿನಿಂದ ಹಾಕಿ ಮನೆಗೆ ಹೋಗಬಹುದಿತ್ತಲ್ಲ’ ಎನ್ನುವ ಬುದ್ಧಿವಂತರಿಗೆ ಇನ್ನೊಮ್ಮೆ ಹೇಳುತ್ತೇನೆ: ವ್ಯತ್ಯಾಸವಿದ್ದದ್ದು ಪುಸ್ತಕದಲ್ಲಿ, ಗಲ್ಲಾಪೆಟ್ಟಿಗೆಯಲ್ಲಲ್ಲ. ಹತ್ತು ಪೈಸೆಯ ಹಿಂದೆ ಸಾವಿರಾರು ರೂಪಾಯಿಯ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಕುಳಿತಿರಬಹುದಿತ್ತು.

ಹುಡುಕುವುದಕ್ಕೂ ಒಂದು ವಿದ್ಯೆಯಿತ್ತು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿವೆಯೇ ಎಂದು ಮೊದಲು ನೋಡುತ್ತಿದ್ದೆವು. 5,470 ಇರಬೇಕಾದಲ್ಲಿ 5,740 ಎಂದು ಬರೆದರೆ ಬರುವ ವ್ಯತ್ಯಾಸ 270. ಒಂಬತ್ತು ಕೈಕೊಟ್ಟರೆ ವ್ಯತ್ಯಾಸದ ಅರ್ಧವನ್ನು ಹುಡುಕುವುದು: ಜಮಾ 300 ರೂಪಾಯಿ ಹೆಚ್ಚು ಬಂದಿದ್ದರೆ 150 ರೂಪಾಯಿಯ ಖರ್ಚು ಜಮಾ ಕಡೆಗೆ ಹೋಗಿರಬಹುದು. ಆದರೆ ಒಬ್ಬರ ಹಣ ಹೆಸರು ಹೋಲುವ ಇನ್ನೊಬ್ಬರ ಖಾತೆಗೆ ಬಿದ್ದರೆ ಲೆಕ್ಕ ಅಚ್ಚುಕಟ್ಟಾಗಿ ತಾಳೆಯಾಗಿಬಿಡುತ್ತಿತ್ತು! ಅದಕ್ಕೇ ಬರೆದವನನ್ನು ಬಿಟ್ಟು ಬೇರೊಬ್ಬರು ಪ್ರತಿ ವೋಚರನ್ನೂ ಲೆಡ್ಜರಿನ ಎದುರಿಟ್ಟು ಟಿಕ್ ಹಾಕಬೇಕಿತ್ತು.

1989ರಲ್ಲಿ ಬ್ಯಾಂಕುಗಳ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಬದಲಾಗುವ ತನಕ ವಾರ್ಷಿಕ ಲೆಕ್ಕ ಮುಗಿಸುತ್ತಿದ್ದದ್ದು ಡಿಸೆಂಬರ್ 31ಕ್ಕೆ. ನೀವು ಹೊಸ ವರ್ಷವನ್ನು ಕೇಕ್ ಕತ್ತರಿಸಿ ಸ್ವಾಗತಿಸಿದಿರಿ, ನಾವು ಬಡ್ಡಿಯ ಕೋಷ್ಟಕ ಹಿಡಿದು. ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ ರಿಸರ್ವ್ ಬ್ಯಾಂಕ್ ನೇಮಿಸಿದ್ದ ರಂಗರಾಜನ್ ಸಮಿತಿಯ 1984ರ ವರದಿಯ ಬಳಿಕ, ಲೆಡ್ಜರಿನ ಲೆಕ್ಕ ಬರೆಯುವ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಒಂದೊಂದಾಗಿ ಬಂದವು. ಕೂಡುವ ಕಳೆಯುವ ಶ್ರಮ ಇಳಿಯಿತು.

ಬಡ್ಡಿ ಎಂದ ಮೇಲೆ, ಯಾರೂ ಕೇಳದ ಒಂದು ವಿಷಯ. ಉಳಿತಾಯ ಖಾತೆಗೆ ದಿನದಿನದ ಉಳಿಕೆಯ ಮೇಲೆ ಬಡ್ಡಿ ಲೆಕ್ಕ ಹಾಕುವುದು ಕೈಬರಹದಲ್ಲಿ ಆಗದ ಮಾತು. ಆದ್ದರಿಂದ ತಿಂಗಳ ಹತ್ತನೆಯ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಕನಿಷ್ಠ ಮೊತ್ತವೇ ಲೆಕ್ಕಕ್ಕೆ. ಹತ್ತು ಸಾವಿರ ಇಟ್ಟವರು ಹನ್ನೆರಡರಂದು ಒಂಬತ್ತು ಸಾವಿರ ತೆಗೆದು ಹದಿನಾಲ್ಕಕ್ಕೆ ವಾಪಸು ಕಟ್ಟಿದರೂ ಆ ತಿಂಗಳ ಬಡ್ಡಿ ಒಂದು ಸಾವಿರಕ್ಕೆ ಮಾತ್ರ! ಬಹುತೇಕ ಶಾಖೆಗಳು ಗಣಕೀಕೃತವಾದ ಮೇಲೆ, 2010ರ ಏಪ್ರಿಲ್ 1ರಿಂದ, ದಿನದ ಲೆಕ್ಕ ಬಂತು. ಹತ್ತನೆಯ ತಾರೀಕಿನೊಳಗೆ ಹಣ ಕಟ್ಟಬೇಕೆಂದು ಈಗಲೂ ಆಟೋ ಹಿಡಿದು ಓಡುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಹನ್ನೊಂದಕ್ಕೆ ಕಟ್ಟಿದರೂ ಕಳೆದುಕೊಳ್ಳುವುದು ಒಂದು ದಿನದ ಬಡ್ಡಿಯನ್ನಷ್ಟೇ ಎಂದು ದಯವಿಟ್ಟು ಅವರಿಗೆ ತಿಳಿಸಿ.